ನಿನಗೆ ಗೊತ್ತಾಗಲಿಲ್ಲವೇ ಎಂದು ಕೇಳುವವರಿಗೆ

ಕಳೆದ ತಿಂಗಳು ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಿದ್ದೆ. ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದ ಎಲೆಯ ಹಿರಿಯರು ನನ್ನ ಗುರುತು ಹಿಡಿದರು. ಒಂದು ಗುಟುಕು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಎಲ್ಲರೂ ಕೇಳುವುದನ್ನೇ ಕೇಳಿದರು: "ಅಲ್ಲಮ್ಮ, ಅಷ್ಟು ವರ್ಷ ಅದೇ ಮನೆಯಲ್ಲಿದ್ದವಳು ನೀನು. ನಿನಗೆ ಒಂದು ಚೂರೂ ಗೊತ್ತಾಗಲಿಲ್ಲವೇ?"

ಕೇಳಿದವರು ನಿವೃತ್ತ ವಕೀಲರು. ಎರಡು ಎಕರೆ ಎರೆ ಹೊಲವನ್ನು ನನ್ನ ತಂದೆಯ ಹೆಸರಿಗೆ ಬರೆದುಕೊಟ್ಟವರು. ಆ ಪತ್ರದ ಕರಡನ್ನೂ ತಾವೇ ಸಿದ್ಧಮಾಡಿದವರು. ಆಗ ಅವರಿಗೆ ಐವತ್ತು, ನನಗೆ ಒಂಬತ್ತು. ಗೊತ್ತಾಗಬೇಕಾಗಿದ್ದದ್ದು ನನಗಂತೆ.

ಇಪ್ಪತ್ತು ವರ್ಷದಿಂದ ಇದಕ್ಕೆ ಬಾಯಲ್ಲಿ ಉತ್ತರ ಕೊಟ್ಟು ಸಾಕಾಗಿದೆ. ಇನ್ನು ಮೇಲೆ ಕೇಳಿದವರ ಕೈಗೆ ಈ ಬರಹ ಕೊಡುತ್ತೇನೆ. ನನ್ನ ಹೋಳಿಗೆಯಾದರೂ ಬಿಸಿಯಾಗಿ ಹೊಟ್ಟೆಗೆ ಸೇರಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ನನ್ನ ತಂದೆ ಹತ್ತಿಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ನನಗೆ ಎರಡು ವರ್ಷವಾಗಿದ್ದಾಗ, ಒಂದು ಶ್ರಾವಣದಲ್ಲಿ, ದೇವರಾದರು. ಯಾವ ಮಠಕ್ಕೂ ಯಾವ ಪರಂಪರೆಗೂ ಸೇರಿದವರಲ್ಲ. ಊರ ಹೊರಗಿನ ಗೋದಾಮಿನಲ್ಲಿ ಶುರುವಾದ ಭಜನೆ, ನೋಡನೋಡುತ್ತ, ಮುನ್ನೂರು ಮಂದಿ ಮನೆಮಾರು ಬಿಟ್ಟು ಬಂದು ನೆಲೆಸಿದ ಆಶ್ರಮವಾಯಿತು. ಮುಗಿದದ್ದು ಸೆರೆಮನೆಯಲ್ಲಿ. ಪತ್ರಿಕೆಗಳು ಒಂದೇ ರಾತ್ರಿಯಲ್ಲಿ 'ಅವರು' ಎಂಬುದನ್ನು ಅಳಿಸಿ 'ಆತ' ಎಂದು ಬರೆಯತೊಡಗಿದವು. ನನಗೆ ಆ ಸೌಲಭ್ಯ ಇರಲಿಲ್ಲ.

ಇನ್ನು ಪ್ರಶ್ನೆಗೆ ಬರುತ್ತೇನೆ. ಗೊತ್ತಿತ್ತು. ಅವರ ಹಿಮ್ಮಡಿ ಒಡೆದಿರುವುದು ಗೊತ್ತಿತ್ತು. ರಾತ್ರಿ ಆ ಬಿರುಕುಗಳಿಗೆ ಬೆಚ್ಚಗಿನ ಹರಳೆಣ್ಣೆ ತಿಕ್ಕುವುದು ನನ್ನ ಕೆಲಸವಾಗಿತ್ತು. ಬೆಳಿಗ್ಗೆ ಅದೇ ಪಾದಗಳನ್ನು ಹಿತ್ತಾಳೆಯ ಹರಿವಾಣದಲ್ಲಿಟ್ಟು ತೊಳೆದರೆ ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತಿತ್ತು. ಒಂದು ದಿನ ಕಿಟಕಿಯ ಬಿಸಿಲು ನೇರವಾಗಿ ಅದರ ಮೇಲೆ ಬಿತ್ತು: ನೇರಳೆ, ಹಸಿರು, ಹಳದಿ. "ತೀರ್ಥದಲ್ಲಿ ಕಾಮನಬಿಲ್ಲು ಮೂಡಿತು!" ಎಂದು ಮುಂದಿನ ಸಾಲಿನ ಮೇಷ್ಟರೊಬ್ಬರು ಕೂಗಿ ಗಳಗಳನೆ ಅತ್ತರು. ನಾನು ಕಿಸಕ್ಕನೆ ನಕ್ಕುಬಿಟ್ಟೆ.

ಅದಕ್ಕೆ ಇಪ್ಪತ್ತೊಂದು ದಿನದ ಮೌನದ ಶಿಕ್ಷೆ. ನಾನು ಎಷ್ಟು ಬೇಕಾದರೂ ಮಾತನಾಡಬಹುದಿತ್ತು. ನನ್ನೊಡನೆ ಯಾರೂ ಮಾತನಾಡುವಂತಿರಲಿಲ್ಲ. ಅಮ್ಮ ಕೂಡ ತಟ್ಟೆ ಇಟ್ಟು ಮುಖ ತಿರುಗಿಸಿ ಹೋಗುತ್ತಿದ್ದಳು. ಹದಿನೈದನೆಯ ದಿನದ ಹೊತ್ತಿಗೆ, ಎಣ್ಣೆ ತಿಕ್ಕಿದ್ದು ನಾನು ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬಂದಿತ್ತು.

ಬೇರೆ ಮನೆ ಕಂಡವರಿಗೆ ತಾನೇ, ನಮ್ಮ ಮನೆ ಹೀಗಿರಬಾರದು ಎನಿಸುವುದು? ಎಂಟು ವರ್ಷದವರೆಗೂ ನಾನು ಎಲ್ಲರ ಅಪ್ಪಂದಿರ ಪಾದವನ್ನೂ ತೊಳೆದು ಕುಡಿಯುತ್ತಾರೆ ಎಂದುಕೊಂಡಿದ್ದೆ.

ಮುಖ ನೋಡದ ಅಣ್ಣನೊಬ್ಬನಿದ್ದಾನೆ ನನಗೆ. ಅಮೆರಿಕದಿಂದ ತನ್ನ 'ಪೀಪಲ್ಸ್ ಟೆಂಪಲ್' ಪಂಥದವರನ್ನು ದಕ್ಷಿಣ ಅಮೆರಿಕದ ಗಯಾನಾದ ಕಾಡಿಗೆ ಕರೆದೊಯ್ದ ಜಿಮ್ ಜೋನ್ಸ್‌ನ ಮಗ. ಹೆಸರು ಸ್ಟೀಫನ್ ಗಾಂಧಿ ಜೋನ್ಸ್. ಹೌದು, ನಮ್ಮ ಗಾಂಧಿಯೇ. 1978ರ ನವೆಂಬರ್ 18ರಂದು ಜೋನ್ಸ್‌ಟೌನ್‌ನಲ್ಲಿ ಸಯನೈಡ್ ಬೆರೆಸಿದ ಪಾನಕದಿಂದ 900ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಸುಮಾರು 300 ಮಕ್ಕಳು. ಅವರಿಗಂತೂ ಕುಡಿಸಿಯೇ ಕೊಂದದ್ದು. ಹತ್ತೊಂಬತ್ತರ ಸ್ಟೀಫನ್ ಬ್ಯಾಸ್ಕೆಟ್‌ಬಾಲ್ ಆಡಲು ರಾಜಧಾನಿ ಜಾರ್ಜ್‌ಟೌನ್‌ಗೆ ಹೋಗಿದ್ದರಿಂದ ಉಳಿದುಕೊಂಡ. ತಾಯಿ ಉಳಿಯಲಿಲ್ಲ. ವಿಷ ಕುಡಿಯುವ ತಾಲೀಮು ಅಲ್ಲಿ ಮೊದಲೇ ನಡೆದಿತ್ತು. ಅಂದರೆ ಗೊತ್ತಿತ್ತು, ಎಲ್ಲರಿಗೂ. ತಾಲೀಮು ಮುಗಿಸಿ, ಮಲಗಿ, ಎದ್ದು, ಹೊಲದ ಕೆಲಸಕ್ಕೆ ಹೋಗಿದ್ದರು.

ಜಪಾನಿನಲ್ಲಿ ಒಬ್ಬ ತಂಗಿಯಂಥವಳಿದ್ದಾಳೆ (ವಯಸ್ಸಿನಲ್ಲಿ ನನಗಿಂತ ದೊಡ್ಡವಳೇ ಇರಲಿ). 1995ರಲ್ಲಿ ಟೋಕಿಯೊದ ಸುರಂಗ ರೈಲುಗಳಲ್ಲಿ ಸರಿನ್ ವಿಷಾನಿಲ ಹರಡಿದ ಔಮ್ ಶಿನ್ರಿಕ್ಯೊ ಪಂಥದ ಶೊಕೊ ಅಸಹರನ ಮೂರನೆಯ ಮಗಳು. ಆಗ ಅವಳಿಗೆ ಹನ್ನೊಂದು ವರ್ಷ. ಮುಂದೆ ಪರೀಕ್ಷೆ ಪಾಸಾಗಿದ್ದರೂ, ಯಾರ ಮಗಳೆಂದು ತಿಳಿದ ಕೂಡಲೇ ವಿಶ್ವವಿದ್ಯಾಲಯದವರು ಬಾಗಿಲು ಹಾಕಿದರು. ಕೋರ್ಟಿಗೆ ಹೋಗಿ ತರಗತಿ ಸೇರಬೇಕಾಯಿತು. ನಿನಗೆ ಗೊತ್ತಿತ್ತೇ ಎಂದು ಕೇಳುವ ಗೋಜಿಗೂ ಅವರು ಹೋಗಲಿಲ್ಲ.

ಜೋನ್ಸ್‌ನ ಬಗ್ಗೆ ಓದುವಾಗ ಒಂದು ಸಣ್ಣ ಸಂಗತಿಗೆ ಬಂದು ಪುಸ್ತಕ ಮಡಚಿಟ್ಟೆ. ಅಲ್ಲಿದ್ದವರು, ಎಪ್ಪತ್ತು ದಾಟಿದ ಅಜ್ಜಿಯರೂ ಸೇರಿ, ಅವನನ್ನು ಕರೆಯುತ್ತಿದ್ದದ್ದು 'ಡ್ಯಾಡ್' ಎಂದು. ನಮ್ಮಲ್ಲಿ 'ಅಪ್ಪನವರು'. ಅಮ್ಮನೂ ಹಾಗೆಯೇ ಕರೆಯುತ್ತಿದ್ದಳು. ಹಾಗಾದರೆ ಹುಟ್ಟಿದ ಮಗು ಏನೆಂದು ಕರೆಯಬೇಕು? ಇದನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಏನೂ ಕರೆಯುತ್ತಿರಲಿಲ್ಲ. ಬಾಗಿಲ ಬಳಿ ನಿಂತು ಕೆಮ್ಮುತ್ತಿದ್ದೆ. ಹುಡುಗಿಗೆ ಕೆಮ್ಮು ಬಿಡುತ್ತಿಲ್ಲವೆಂದು ಅಮ್ಮ ತುಳಸಿ ಕಷಾಯ ಕುಡಿಸುತ್ತಿದ್ದಳು.

ಇಷ್ಟು ಹೊತ್ತು ತಮಾಷೆ ಮಾಡಿದ್ದು ಮುಂದಿನದನ್ನು ಆದಷ್ಟು ತಡವಾಗಿ ಬರೆಯಲಿಕ್ಕೆ. ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಗೆ ಸಕ್ಕರೆ ಕಾಯಿಲೆ ಇತ್ತು. ಅವಳ ಇನ್ಸುಲಿನ್ ಸೀಸೆಗಳು ನೀರಿನ ಮಡಕೆಯ ಕೆಳಗಿನ ಒದ್ದೆ ಮರಳಿನಲ್ಲಿ, ಬಟ್ಟೆ ಸುತ್ತಿಕೊಂಡು ತಣ್ಣಗೆ ಕುಳಿತಿರುತ್ತಿದ್ದವು. ಒಂದು ಅಮಾವಾಸ್ಯೆಯಂದು ಅಪ್ಪಣೆಯಾಯಿತು: ಸೂಜಿ ಬೇಡ, ತೀರ್ಥ ಸಾಕು. ದಿನಕ್ಕೆ ಮೂರು ಹೊತ್ತು ಉದ್ಧರಣೆಯಲ್ಲಿ ಅವಳ ಅಂಗೈಗೆ ತೀರ್ಥ ಹಾಕಿದವಳು ನಾನು. ಕಾಮನಬಿಲ್ಲಿನ ಗುಟ್ಟನ್ನು ಅವಳೊಬ್ಬಳಿಗೆ ಹೇಳಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತ ಕುಡಿಯುತ್ತಿದ್ದಳು. ವಾರ ದಾಟಲಿಲ್ಲ.

ಎಣ್ಣೆ ನನಗೆ ಗೊತ್ತಿತ್ತು. ಇನ್ಸುಲಿನ್ ಎಂದರೆ ಏನೆಂದು ಗೊತ್ತಿರಲಿಲ್ಲ. ವಕೀಲರೇ, ಇದು ನನ್ನ ಹೇಳಿಕೆ. ಪಾಟೀಸವಾಲು ಮಾಡುವುದಿದ್ದರೆ ನಿಮ್ಮ ಎರಡು ಎಕರೆಯ ಪತ್ರವನ್ನೂ ಜೊತೆಗೆ ತನ್ನಿ.

ಕರೆಯುವ ಮಾತು ಬಂದಿತಲ್ಲ, ಅದೊಂದು ಬಾಕಿ ಇದೆ. ಸೆರೆಮನೆಗೆ ಅವರನ್ನು ನೋಡಲು ಮೊದಲ ಸಲ ಹೋದಾಗ ಅರ್ಜಿಯೊಂದನ್ನು ತುಂಬಬೇಕಿತ್ತು. 'ಕೈದಿಯೊಂದಿಗೆ ಸಂಬಂಧ' ಎಂಬಲ್ಲಿ 'ಮಗಳು' ಎಂದು ಬರೆದೆ. ಕಿಟಕಿಯಾಚೆಯ ಸಿಬ್ಬಂದಿ ಓದಿ ಪೆನ್ನು ಕೆಳಗಿಟ್ಟರು.

"ನೋಡಿ ಅಕ್ಕ, ಬೆಳಿಗ್ಗೆಯಿಂದ ನೀವು ಏಳನೆಯ ಮಗಳು. ಒಬ್ಬರಂತೂ ನಮ್ಮ ಅಜ್ಜಿಯ ವಯಸ್ಸಿನವರು. ದಾಖಲೆ ಏನಾದರೂ ಇದೆಯೇ?"

ಚೀಲ ತಡಕಾಡಿದೆ. ಅಡತಿ ಅಂಗಡಿಯ ಕಾಲದ ಹಳೆಯ ಪಡಿತರ ಚೀಟಿ ಸಿಕ್ಕಿತು. ತಂದೆ, ತಾಯಿ, ನಾನು, ಮೂರೇ ಹೆಸರು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ಎದುರಿನ ಅಂಗಡಿಯಲ್ಲಿ ಎರಡು ಜೆರಾಕ್ಸ್ ಮಾಡಿಸಿಕೊಂಡು ಬನ್ನಿ ಎಂದರು.