ಎಯೂಪ್ ಸುಲ್ತಾನ್‌ಗೆ ಹೋಗುವವರಿಗೆ: ಅಬೂ ಅಯ್ಯೂಬ್(ರ) ದಂಪತಿಯ ಕತೆ ತಿಳಿದೇ ಹೋಗಿ

ಮೆಕ್ಕಾದ ಉಮ್ರಾ ಯಾತ್ರೆ ಮುಗಿಸಿ ಇಸ್ತಾಂಬುಲ್‌ಗೂ ಒಂದು ಸುತ್ತು ಹೋಗಿ ಬರುವವರು ಈಗ ನಮ್ಮ ಮಂಗಳೂರಿನ ಕಡೆ ಜಾಸ್ತಿಯಾಗಿದ್ದಾರೆ. ಮದೀನಾದಿಂದ ಇಸ್ತಾಂಬುಲ್‌ಗೆ ನೇರ ವಿಮಾನ ಇದೆ. ಹಾಗಾಗಿ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದು ಕಷ್ಟವಲ್ಲ. ನಾವೂ ಉಮ್ಮ ಮತ್ತು ತಂಗಿಯ ಜೊತೆ ಹಾಗೆಯೇ ಹೋಗಿದ್ದೆವು. ಆದರೆ ಎಷ್ಟೋ ಪ್ಯಾಕೇಜ್‌ಗಳಲ್ಲಿ ಪ್ರವಾದಿ(ಸ)ಯವರ ಸಂಗಾತಿ ಅಬೂ ಅಯ್ಯೂಬ್(ರ) ಅವರ ಗೋರಿ, ಮಸೀದಿ ಇರುವ ಎಯೂಪ್ ಸುಲ್ತಾನ್ ಅನ್ನುವುದು ದಾರಿಯಲ್ಲಿ ಬಸ್ಸು ನಿಲ್ಲಿಸಿ ಫೋಟೊ ತೆಗೆಸುವ ಜಾಗ ಆಗಿಬಿಟ್ಟಿದೆ. ನನ್ನ ಮಾತು ಕೇಳುವುದಾದರೆ ಅಲ್ಲಿಗೆ ಅರ್ಧ ದಿನವಾದರೂ ಇಡಿ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಮಲಗಿರುವವರು ಯಾರು, ಅವರ ಮನೆಯಲ್ಲಿ ಏನೇನು ನಡೆಯಿತು ಅನ್ನುವುದನ್ನು ಮೊದಲೇ ಓದಿಕೊಂಡು ಹೋಗಿ. ಇಲ್ಲದಿದ್ದರೆ ಕಣ್ಣಿಗೆ ಬೀಳುವುದು ಜನಜಂಗುಳಿ ಮತ್ತು ಚೆಂದದ ಹೆಂಚುಗಳು, ಅಷ್ಟೇ.

ಕತೆ ಶುರುವಾಗುವುದು ಮದೀನಾದಲ್ಲಿ. ಅಬೂ ಅಯ್ಯೂಬ್ ಅನ್ಸಾರಿ(ರ) ಅವರ ನಿಜವಾದ ಹೆಸರು ಖಾಲಿದ್ ಬಿನ್ ಝೈದ್. ಖಝ್ರಜ್ ಬುಡಕಟ್ಟಿನ ಬನೂ ನಜ್ಜಾರ್ ಮನೆತನದವರು. ಪ್ರವಾದಿ(ಸ)ಯವರ ಅಜ್ಜ ಅಬ್ದುಲ್ ಮುತ್ತಲಿಬ್ ಅವರ ತಾಯಿ ಸಲ್ಮಾ ಕೂಡ ಇದೇ ಮನೆತನದ ಮಗಳು. ಅಂದರೆ ಮದೀನಾದಲ್ಲಿ ಪ್ರವಾದಿ(ಸ)ಯವರಿಗೆ ಇದು ಅಜ್ಜನ ತಾಯಿಯ ತವರಿನ ಕಡೆಯ ನಂಟು. 622ರಲ್ಲಿ ಪ್ರವಾದಿ(ಸ) ಹಿಜ್ರಾ ಮಾಡಿ, ಅಂದರೆ ಮೆಕ್ಕಾ ಬಿಟ್ಟು ಮದೀನಾಕ್ಕೆ ವಲಸೆ ಬಂದಾಗ ಊರಿನವರೆಲ್ಲ ‘ನಮ್ಮ ಮನೆಗೆ ಬನ್ನಿ’ ಅಂತ ಒಂಟೆಯ ಮೂಗುದಾರ ಹಿಡಿದರು. ‘ಒಂಟೆಯನ್ನು ಬಿಟ್ಟುಬಿಡಿ, ಅದಕ್ಕೆ ಅಪ್ಪಣೆಯಾಗಿದೆ’ ಅಂದರು ಪ್ರವಾದಿ(ಸ). ಒಂಟೆ ಹೋಗಿ ಕೂತದ್ದು ಈಗ ಮಸ್ಜಿದುನ್ನಬವಿ (ಪ್ರವಾದಿಯವರ ಮಸೀದಿ) ಇರುವ ಜಾಗದಲ್ಲಿ. ಅಬೂ ಅಯ್ಯೂಬ್(ರ) ಮಾತಾಡುತ್ತ ನಿಲ್ಲಲಿಲ್ಲ. ಒಂಟೆಯ ಮೇಲಿದ್ದ ಸಾಮಾನು ಇಳಿಸಿ ಪಕ್ಕದಲ್ಲೇ ಇದ್ದ ತಮ್ಮ ಮನೆಯೊಳಗೆ ಇಟ್ಟುಬಿಟ್ಟರು. ಸಾಮಾನು ಎಲ್ಲಿದೆಯೋ ಅಲ್ಲೇ ತಾನೇ ಮನುಷ್ಯನೂ ಇರುವುದು! ಮಸೀದಿ ಮತ್ತು ಅದಕ್ಕೆ ಸೇರಿದ ಕೋಣೆಗಳು ಎದ್ದು ನಿಲ್ಲುವವರೆಗೆ, ಸುಮಾರು 7 ತಿಂಗಳು, ಪ್ರವಾದಿ(ಸ) ಆ ಮನೆಯಲ್ಲೇ ಇದ್ದರು.

ಆ ಮನೆಗೆ ಮೇಲೊಂದು ಮಾಳಿಗೆ ಇತ್ತು. ನೋಡಲು ಬರುವವರಿಗೆ ಅನುಕೂಲ ಅಂತ ಪ್ರವಾದಿ(ಸ) ಕೆಳಗೇ ಇದ್ದರು. ಗಂಡ ಹೆಂಡತಿ ಮೇಲೆ. ಒಂದು ದಿನ ಮೇಲೆ ನೀರಿನ ಜಾಡಿ ಒಡೆಯಿತು. ನೀರು ಸೋರಿ ಕೆಳಗೆ ಬಿದ್ದರೆ? ಅಬೂ ಅಯ್ಯೂಬ್(ರ) ಮತ್ತು ಅವರ ಹೆಂಡತಿ ಉಮ್ಮು ಅಯ್ಯೂಬ್(ರ), ಹೊದೆಯಲು ಇದ್ದ ಒಂದೇ ಒಂದು ಕಂಬಳಿಯನ್ನು ನೆಲಕ್ಕೆ ಒತ್ತಿ ಆ ನೀರನ್ನೆಲ್ಲ ಹೀರಿಸಿದರು. ಪ್ರವಾದಿ(ಸ)ಯವರ ತಲೆಯ ಮೇಲೆ ನಾವು ಓಡಾಡುವುದೇ ಅಂತ ಮೊದಲಿಂದಲೂ ಅವರಿಗೆ ಅಳುಕಿತ್ತು. ಕೊನೆಗೆ ಬೇಡಿಕೊಂಡು ಪ್ರವಾದಿ(ಸ)ಯವರನ್ನು ಮೇಲಕ್ಕೆ ಕಳಿಸಿ ತಾವು ಕೆಳಗೆ ಬಂದರು.

ಊಟದ ಸಂಗತಿಯೂ ಇದೆ. ಉಮ್ಮು ಅಯ್ಯೂಬ್(ರ) ಅಡುಗೆ ಮಾಡಿ ಮೊದಲು ಪ್ರವಾದಿ(ಸ)ಯವರಿಗೆ ಕಳಿಸುತ್ತಿದ್ದರು. ತಟ್ಟೆ ವಾಪಸ್ ಬಂದಾಗ ಅವರ ಬೆರಳು ತಾಗಿದ ಕಡೆಯಿಂದಲೇ ಗಂಡ ಹೆಂಡತಿ ಉಣ್ಣುತ್ತಿದ್ದರು. ಒಂದು ರಾತ್ರಿ ತಟ್ಟೆ ಹಾಗೆಯೇ ಮುಟ್ಟದೆ ಬಂತು. ಅಬೂ ಅಯ್ಯೂಬ್(ರ) ಗಾಬರಿಯಾಗಿ ಓಡಿದರು. ಆವತ್ತಿನ ಅಡುಗೆಗೆ ಬೆಳ್ಳುಳ್ಳಿ ಹಾಕಿತ್ತು. ಮಲಕ್ (ದೇವದೂತ) ಜೊತೆ ಮಾತಾಡುವವರು ಅನ್ನುವ ಕಾರಣಕ್ಕೆ ಪ್ರವಾದಿ(ಸ) ಅದನ್ನು ತಿಂದಿರಲಿಲ್ಲ. ‘ನೀವು ತಿನ್ನಿ’ ಅಂದರಂತೆ. ಅಲ್ಲಿಂದ ಮುಂದೆ ಅವರಿಗೆ ಕಳಿಸುವ ಊಟಕ್ಕೆ ಬೆಳ್ಳುಳ್ಳಿ ಬೀಳಲಿಲ್ಲ.

ನನ್ನ ಮಟ್ಟಿಗೆ ಈ ದಂಪತಿಯ ದೊಡ್ಡ ಗುಣ ಕಾಣುವುದು ಇನ್ನೊಂದು ಕಡೆ. ಪ್ರವಾದಿ(ಸ)ಯವರ ಪತ್ನಿ ಆಯಿಶಾ(ರ) ಅವರ ಮೇಲೆ ಸುಳ್ಳು ಅಪವಾದ ಹಬ್ಬಿ ಇಡೀ ಮದೀನಾ ಗುಸುಗುಸು ಅನ್ನುತ್ತಿದ್ದ ಹೊತ್ತು. ‘ಜನ ಏನು ಹೇಳ್ತಿದ್ದಾರೆ ಕೇಳಿದಿರಾ?’ ಅಂತ ಹೆಂಡತಿ ಕೇಳಿದರು. ‘ಕೇಳಿದೆ. ಅದೆಲ್ಲ ಸುಳ್ಳು. ನೀನಾಗಿದ್ದರೆ ಅಂಥ ಕೆಲಸ ಮಾಡ್ತಿದ್ದೆಯಾ?’ ‘ಅಲ್ಲಾಹನಾಣೆ, ಇಲ್ಲ.’ ‘ಆಯಿಶಾ ನಿನಗಿಂತಲೂ ಒಳ್ಳೆಯವರು.’ ಅಷ್ಟೇ, ಆ ಮನೆಯಲ್ಲಿ ಮಾತು ಅಲ್ಲಿಗೆ ಮುಗಿಯಿತು. ಗಾಳಿಮಾತು ಫಾರ್ವರ್ಡ್ ಮಾಡುವ ನಮ್ಮ ಕಾಲಕ್ಕೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಮದೀನಾಕ್ಕೆ ಹೋದವರು ಆ ಮನೆಯನ್ನು ಹುಡುಕಬೇಡಿ. ಹಳೆಯ ಬರಹಗಳ ಪ್ರಕಾರ ಮನೆ ಮೊದಲು ಅಬೂ ಅಯ್ಯೂಬ್(ರ) ಬಿಡುಗಡೆ ಮಾಡಿದ ಸೇವಕ ಅಫ್ಲಹ್ ಅವರ ಕೈಗೆ ಬಂತು. ಅವರಿಂದ ಇನ್ನೊಬ್ಬರು 1000 ದೀನಾರ್ ಕೊಟ್ಟು ಕೊಂಡು, ರಿಪೇರಿ ಮಾಡಿಸಿ, ಮದೀನಾದ ಒಂದು ಬಡ ಕುಟುಂಬಕ್ಕೆ ದಾನ ಕೊಟ್ಟರು. ಈಗ ಆ ಜಾಗ ಮಸೀದಿಯ ವಿಸ್ತರಣೆಯಲ್ಲಿ ಸೇರಿಹೋಗಿದೆ. ಕಿಬ್ಲಾ ಬದಿಯ (ನಮಾಝಿಗೆ ಮುಖ ಮಾಡುವ ಕಡೆಯ) ಅಂಗಳದಲ್ಲಿ ನಿಂತು ‘ಇಲ್ಲೇ ಎಲ್ಲೋ’ ಅಂದುಕೊಳ್ಳಬಹುದು. ಉಮ್ಮನಿಗೆ ಜಾಡಿಯ ಕತೆ ನೆನಪಿಸಲು ನನಗೆ ಸಿಕ್ಕ ಸರಿಯಾದ ಜಾಗ ಅದು. ಉಳಿದ ಪ್ರಯಾಣದ ಉದ್ದಕ್ಕೂ ಅವರು ಉಮ್ಮು ಅಯ್ಯೂಬ್(ರ) ಬಗ್ಗೆಯೇ ಕೇಳುತ್ತಿದ್ದರು.

ಹಾಗಾದರೆ ಮದೀನಾದ ಈ ಮನೆಯಾತ ಇಸ್ತಾಂಬುಲ್‌ಗೆ ಬಂದದ್ದು ಹೇಗೆ? ಬದ್ರ್, ಉಹುದ್, ಖಂದಕ್ ಯುದ್ಧಗಳೆಲ್ಲದರಲ್ಲೂ ಇದ್ದವರು ಅವರು. ಖಲೀಫ ಅಲಿ(ರ) ಕಾಲದಲ್ಲಿ ಮದೀನಾದ ಹೊಣೆ ಹೊತ್ತಿದ್ದರು. ಬಸ್ರಾದಲ್ಲಿ ಇಬ್ನ್ ಅಬ್ಬಾಸ್(ರ) ‘ನೀವು ಪ್ರವಾದಿಯವರಿಗೆ ಮನೆ ಬಿಟ್ಟುಕೊಟ್ಟಿರಿ, ನಾನು ನಿಮಗೆ ಬಿಟ್ಟುಕೊಡುತ್ತೇನೆ’ ಅಂತ ತಮ್ಮ ಮನೆಯನ್ನೇ ಖಾಲಿ ಮಾಡಿಕೊಟ್ಟು, ಅವರ ಸಾಲ ತೀರಿಸಲು ಹಣವನ್ನೂ ಕೊಟ್ಟರು. ವಯಸ್ಸಾದ ಮೇಲೂ ಅವರು ಸುಮ್ನೆ ಮನೆಯಲ್ಲಿ ಕೂರಲಿಲ್ಲ. ಖಲೀಫ ಮುಆವಿಯಾ(ರ) ಆಳ್ವಿಕೆಯಲ್ಲಿ, ಆಗ ಇಸ್ತಾಂಬುಲ್‌ಗೆ ಇದ್ದ ಹೆಸರಿನ ಕಾನ್‌ಸ್ಟಾಂಟಿನೋಪಲ್ ಮೇಲೆ ಹೊರಟ ಸೈನ್ಯದ ಜೊತೆ ಬಂದರು. ಅಲ್ಲಿ ಒಬ್ಬ ಒಂಟಿಯಾಗಿ ರೋಮನ್ನರ (ಬೈಝಾಂಟಿಯಂನವರ) ಸಾಲಿನೊಳಗೆ ನುಗ್ಗಿದಾಗ, ಸುತ್ತಲಿನವರು ‘ನಿಮ್ಮನ್ನು ನೀವೇ ನಾಶಕ್ಕೆ ತಳ್ಳಬೇಡಿ’ ಅನ್ನುವ ಕುರ್‌ಆನ್ ವಚನ ಹೇಳಿ ಕೂಗಿದರು. ಹಾಗೆ ಕೂಗಿದವರನ್ನು ಅಬೂ ಅಯ್ಯೂಬ್(ರ) ತಿದ್ದಿದರು. ಆ ವಚನ ಇಳಿದದ್ದು ನಮ್ಮ ಅನ್ಸಾರಿಗಳ (ಪ್ರವಾದಿಯವರಿಗೆ ನೆರವಾದ ಮದೀನಾದವರ) ಬಗ್ಗೆ, ಇನ್ನು ತೋಟ ಆಸ್ತಿ ನೋಡಿಕೊಂಡು ಊರಲ್ಲೇ ಇದ್ದುಬಿಡೋಣ ಅಂತ ನಾವು ಅಂದುಕೊಂಡಾಗ, ಅಂದರು. ಕ್ರಿ.ಶ. 670ರ ಆಸುಪಾಸಿನಲ್ಲಿ ಅಲ್ಲೇ ಕಾಯಿಲೆ ಬಿದ್ದು ತೀರಿಕೊಂಡರು. ಶತ್ರುವಿನ ನೆಲದಲ್ಲಿ ಎಷ್ಟು ದೂರ ಹೋಗಲು ಆಗುತ್ತದೋ ಅಷ್ಟು ದೂರ ಹೊತ್ತು ಹೋಗಿ ಹೂಳಿ ಅಂತ ಅವರ ವಸಿಯ್ಯತ್ (ಕೊನೆಯ ಕೋರಿಕೆ) ಇತ್ತು. ಬರ ಬಂದಾಗ ರೋಮನ್ನರೂ ಆ ಗೋರಿಯ ಹತ್ತಿರ ಮಳೆಗಾಗಿ ಬೇಡುತ್ತಿದ್ದರು ಅಂತ ಹಳೆಯ ಅರಬ್ ಚರಿತ್ರೆಕಾರರು ಬರೆದಿದ್ದಾರೆ.

1453ರಲ್ಲಿ ಊರು ಒಟ್ಟೊಮನ್ನರ ಕೈಗೆ ಬಂತು. ಸುಲ್ತಾನ್ ಎರಡನೇ ಮೆಹ್ಮದ್ ಅವರ ಗುರು ಅಕ್‌ಶಂಸುದ್ದೀನ್ ಗೋರಿಯ ಜಾಗ ತೋರಿಸಿದರು ಅನ್ನುತ್ತಾರೆ. 1458ರಲ್ಲಿ ಅಲ್ಲಿ ಮಸೀದಿ ಎದ್ದಿತು. ಅದು ಹಾಳಾದ ಮೇಲೆ ಸುಲ್ತಾನ್ ಮೂರನೇ ಸಲೀಮ್ ಹೊಸದಾಗಿ ಕಟ್ಟಿಸಿದರು, 1800ರಲ್ಲಿ ಮುಗಿಯಿತು. ನೀವು ಇಂದು ನೋಡುವುದು ಅದನ್ನೇ. ಒಟ್ಟೊಮನ್ ಸುಲ್ತಾನರು ಪಟ್ಟಕ್ಕೆ ಬಂದಾಗ ಕತ್ತಿ ಕಟ್ಟಿಸಿಕೊಳ್ಳಲು ಬರುತ್ತಿದ್ದದ್ದೂ ಎಯೂಪ್‌ಗೇ.

ಇನ್ನು ಹೋಗುವ ದಾರಿ. ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೇ ಬೇಕು. ಅಮೆರಿಕ, ಬ್ರಿಟನ್ ಅಥವಾ ಶೆಂಗೆನ್ ವೀಸಾ ಚಾಲ್ತಿಯಲ್ಲಿದ್ದವರಿಗೆ ಇ-ವೀಸಾ ಸುಲಭ. ಉಳಿದವರು ವೀಸಾ ಕೇಂದ್ರಕ್ಕೆ ಕಾಗದಪತ್ರ ಕೊಟ್ಟು ಕಾಯಬೇಕು. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮೊದಲು ಅಧಿಕೃತ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಉಮ್ರಾ ಜೊತೆ ಸೇರಿಸುವವರು ಈ ವೀಸಾವನ್ನು ಊರಿನಲ್ಲೇ ಮುಗಿಸಿಕೊಂಡು ಹೊರಡಿ. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಜನವರಿಯ ಚಳಿ ಮಳೆ ನಮ್ಮ ಕಡೆಯ ಹಿರಿಯರಿಗೆ ಆಗಿಬರುವುದಿಲ್ಲ.

ಇಸ್ತಾಂಬುಲ್‌ನಲ್ಲಿ ಇಳಿದ ಕೂಡಲೇ ಇಸ್ತಾಂಬುಲ್‌ಕಾರ್ಟ್ ಅನ್ನುವ ಕಾರ್ಡ್ ತಗೊಳ್ಳಿ. ಟ್ರಾಮ್, ಬಸ್ಸು, ಮೆಟ್ರೋ, ಫೆರ್ರಿ ಎಲ್ಲದಕ್ಕೂ ಅದೇ ನಡೆಯುತ್ತದೆ. ಎಮಿನೋನುವಿನಿಂದ ಟಿ5 ಟ್ರಾಮ್ ಹತ್ತಿದರೆ ಗೋಲ್ಡನ್ ಹಾರ್ನ್ ನೀರಿನ ದಂಡೆಯಲ್ಲೇ ಸಾಗಿ ಎಯೂಪ್ ಸುಲ್ತಾನ್ ಟೆಲಿಫೆರಿಕ್ (ಕೇಬಲ್ ಕಾರ್) ನಿಲ್ದಾಣ ಬರುತ್ತದೆ. ಅಲ್ಲಿಂದ ಮಸೀದಿ ನಡೆದು ಹೋಗುವಷ್ಟು ಹತ್ತಿರ. ಸಮಯ ಇದ್ದರೆ ಒಂದು ಸಲ ಫೆರ್ರಿಯಲ್ಲಿ ಹೋಗಿ. ನಿಧಾನ, ಆದರೆ ಊರಿನ ಎರಡೂ ದಂಡೆ ಕಣ್ತುಂಬ ಕಾಣುತ್ತದೆ. ಮಂಡಿನೋವು ಇರುವವರಿಗೂ ಅದೇ ಆರಾಮ.

ವಾರದ ದಿನ ಬೆಳಿಗ್ಗೆ ಬೇಗ ಹೋಗಿ. ಶುಕ್ರವಾರ ಮಧ್ಯಾಹ್ನ, ವಾರಾಂತ್ಯ, ರಮಝಾನಿನ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ರಮಝಾನಿನಲ್ಲಿ ಮುಂದಿನ ಚೌಕದಲ್ಲೇ ಕೂತು ಇಫ್ತಾರ್ ಮಾಡುವ ಕುಟುಂಬಗಳನ್ನು ನೋಡಬೇಕು ಅಂತಿದ್ದರೆ ಆ ಮಾತು ಬೇರೆ, ಆಗ ಗದ್ದಲಕ್ಕೆ ಸಿದ್ಧರಾಗಿಯೇ ಹೋಗಿ. ಹೆಂಗಸರು ತಲೆಗೆ ಬಟ್ಟೆ, ಗಂಡಸರು ಉದ್ದ ಪ್ಯಾಂಟ್. ಚಪ್ಪಲಿಗೆ ಕೈಯಲ್ಲೊಂದು ಚೀಲ ಇರಲಿ. ಹೆಂಗಸರಿಗೆ ನಮಾಝ್ ಮಾಡುವ ಜಾಗ ಬೇರೆ ಇದೆ. ಒಳಗೆ ಹೋಗುವ ಮೊದಲೇ ‘ಆಮೇಲೆ ಇಲ್ಲಿ ಸೇರೋಣ’ ಅಂತ ಮಾತಾಡಿಕೊಳ್ಳಿ. ಒಳ ಅಂಗಳದಲ್ಲಿ ಕಟಕಟೆ ಹಾಕಿದ ದೊಡ್ಡ ಚಿನಾರ್ ಮರ ಇದೆ. ಅದಕ್ಕಿಂತ ಒಳ್ಳೆಯ ಗುರುತು ಸಿಗದು.

ಮರದ ಎದುರಿಗಿರುವುದೇ ಗೋರಿಯ ಕಟ್ಟಡ. ಅದರ ಹೊರಗೋಡೆಯ ಹತ್ತಿರ ಹೋಗಿ ನೋಡಿ. ಬೇರೆ ಬೇರೆ ಕಾಲದ ಇಝ್ನಿಕ್ ಊರಿನ ಬಣ್ಣದ ಹೆಂಚುಗಳನ್ನು ಒಂದರ ಪಕ್ಕ ಒಂದು ಕೂರಿಸಿದ್ದಾರೆ. ಒಂದು ಕಡೆ ಕಡುನೀಲಿ ಬಳ್ಳಿ, ಅದಕ್ಕೆ ತಾಗಿಕೊಂಡೇ ಟೊಮೆಟೊ ಕೆಂಪಿನ ಹೂವು. ಕೆಲವು ಕಡೆ ಬಳ್ಳಿ ಅರ್ಧಕ್ಕೆ ನಿಂತು ಮುಂದಿನ ಹೆಂಚಿನಲ್ಲಿ ಬೇರೆಯದೇ ಹೂವು ಶುರುವಾಗುತ್ತದೆ. ಆ ಗೋಡೆಯಲ್ಲೊಂದು ಜಾಲರಿ ಕಿಟಕಿ ಇದೆ. ಜನ ಅದರ ಮುಂದೆ ನಿಂತು ದುಆ (ಪ್ರಾರ್ಥನೆ) ಮಾಡುತ್ತಾರೆ. ಉಮ್ಮ ಅಲ್ಲಿ ನಿಂತಾಗ ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ, ಬಿಳಿ ಅಂಗಿ, ಹೆಗಲಿಗೆ ತುಪ್ಪುಳದ ಅಂಚಿನ ಮೇಲಂಗಿ, ಕೈಯಲ್ಲಿ ಹೊಳೆಯುವ ಕೋಲು. ಸುನ್ನತಿಗೆ ಮೊದಲು ಮಕ್ಕಳನ್ನು ಹೀಗೆ ರಾಜನ ಹಾಗೆ ಅಲಂಕರಿಸಿ ಇಲ್ಲಿಗೆ ಕರೆತರುತ್ತಾರೆ. ಅವನ ಅಜ್ಜಿ ಉಮ್ಮನ ಕೈ ಹಿಡಿದು ತುರ್ಕಿಯಲ್ಲಿ ಏನೋ ಹೇಳಿದರು, ಉಮ್ಮ ಬ್ಯಾರಿಯಲ್ಲಿ ಉತ್ತರ ಕೊಟ್ಟರು. ಇಬ್ಬರಿಗೂ ಖುಷಿ.

ಗೋರಿಯ ಒಳಗೆ ಬೆಳ್ಳಿಯ ಜಾಲರಿ ಇದೆ. ಸಲಾಂ ಹೇಳಿ, ದುಆ ಮಾಡಿ, ಸಾಲಿನಲ್ಲಿ ಮುಂದೆ ಹೋಗಿ, ಅಲ್ಲೇ ನಿಂತು ಹಿಂದಿನವರಿಗೆ ಅಡ್ಡವಾಗಬೇಡಿ. ದರ್ಗಾಗಳಿಗೆ ಹೋಗುವ ಬಗ್ಗೆ ನಮ್ಮಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ, ಗೊತ್ತು. ತುರ್ಕಿಯ ಧಾರ್ಮಿಕ ಇಲಾಖೆ ಇಂಥ ಕಡೆಗಳಲ್ಲಿ ಮೇಣದಬತ್ತಿ ಹಚ್ಚಬೇಡಿ, ಬಟ್ಟೆ ಕಟ್ಟಬೇಡಿ, ಬೇಡುವುದಿದ್ದರೆ ಅಲ್ಲಾಹನಲ್ಲೇ ಬೇಡಿ ಅಂತ ಬೋರ್ಡ್ ಹಾಕಿರುತ್ತದೆ. ಅದನ್ನು ಪಾಲಿಸಿದರೆ ಯಾರಿಗೂ ತಕರಾರಿಲ್ಲ. ಶವ್ವಾಲ್ ತಿಂಗಳ 6 ಉಪವಾಸದ ಹದೀಸನ್ನು (ಪ್ರವಾದಿಯವರ ಮಾತನ್ನು) ನಮಗೆ ತಲುಪಿಸಿದವರು ಇದೇ ಅಬೂ ಅಯ್ಯೂಬ್(ರ). ಪ್ರತಿವರ್ಷ ಆ ಉಪವಾಸ ಹಿಡಿಯುವ ಉಮ್ಮನಿಗೆ ಇದನ್ನು ಹೇಳಿದಾಗ ಅವರು ಇನ್ನೊಂದು ಸಲ ಸಾಲಿನಲ್ಲಿ ನಿಂತರು.

ಅವರ ವಂಶ ನಮ್ಮ ದೇಶಕ್ಕೂ ಬಂದಿದೆ ಅನ್ನುವುದು ಹಲವರ ನಂಬಿಕೆ. ಲಖನೌದ ಫಿರಂಗಿ ಮಹಲಿನ ಉಲಮಾ (ಧರ್ಮ ವಿದ್ವಾಂಸರ) ಮನೆತನ, ಹೆರಾತ್‌ನ ಖ್ವಾಜಾ ಅಬ್ದುಲ್ಲಾ ಅನ್ಸಾರಿ ಮೂಲಕ ತಮ್ಮ ಬೇರನ್ನು ಇವರಿಗೇ ಸೇರಿಸುತ್ತದೆ.

ಹಸಿವಾದರೆ ಚೌಕದ ಸುತ್ತ ಅಂಗಡಿಗಳಿವೆ. ಅಲ್ಲಿನ ಬೇಳೆ ಸೂಪ್ ನಮ್ಮ ತೊಗರಿಬೇಳೆ ಸಾರಿನ ಹಾಗೇ ಇರುತ್ತದೆ, ಖಾರ ಮಾತ್ರ ಇಲ್ಲ. ಮಸಾಲೆ ಇಲ್ಲದೆ ಊಟ ಸೇರದವರು ಜೇಬಿನಲ್ಲಿ ಉಪ್ಪಿನಕಾಯಿ ಪೊಟ್ಟಣ ಇಟ್ಟುಕೊಳ್ಳಿ. ಊಟ ಆದ ಮೇಲೆ ಕೇಬಲ್ ಕಾರಿನಲ್ಲಿ ಪಿಯೆರ್ ಲೋತಿ ಗುಡ್ಡಕ್ಕೆ ಹೋಗಬಹುದು. ಅದಕ್ಕೂ ಇಸ್ತಾಂಬುಲ್‌ಕಾರ್ಟ್ ಸಾಕು. ಕಾಲು ಗಟ್ಟಿ ಇರುವವರು ಇಳಿಯುವಾಗ ಖಬರ್‌ಸ್ಥಾನದ ನಡುವಿನ ದಾರಿಯಲ್ಲಿ ನಡೆದು ಬನ್ನಿ. ಪೇಟ, ಟೋಪಿ ಕೆತ್ತಿದ ಹಳೆಯ ಗೋರಿಕಲ್ಲುಗಳು ಇಳಿಜಾರಿನ ತುಂಬ ಇವೆ. ಮಳೆ ಬಂದಿದ್ದರೆ ಕಲ್ಲುಹಾಸು ಜಾರುತ್ತದೆ, ಹಿರಿಯರನ್ನು ಕೇಬಲ್ ಕಾರಿನಲ್ಲೇ ವಾಪಸ್ ಇಳಿಸಿ.

ಮಧ್ಯಾಹ್ನದ ಮೇಲೂ ಸಮಯ ಉಳಿದರೆ ಅಂಗಡಿ ಬೀದಿಯಲ್ಲಿ ಕಳೆಯಬೇಡಿ. ಟ್ರಾಮ್‌ನಲ್ಲಿ ಸ್ವಲ್ಪ ಹಿಂದೆ ಬಂದು ಐವಾನ್‌ಸರಾಯ್‌ನಲ್ಲಿ ಇಳಿಯಿರಿ. ಊರಿನ ಹಳೆಯ ಕೋಟೆಗೋಡೆ ಅಲ್ಲಿ ನೀರಿನಿಂದ ಗುಡ್ಡಕ್ಕೆ ಹತ್ತುತ್ತದೆ. ಎಯೂಪ್ ಇರುವುದು ಈ ಗೋಡೆಯ ಹೊರಗೆ. ಅಬೂ ಅಯ್ಯೂಬ್(ರ) ಬಂದ ಸೈನ್ಯಕ್ಕೆ ಇದನ್ನು ದಾಟಲು ಆಗಲಿಲ್ಲ. ಆ ಸುತ್ತಮುತ್ತ ಸಹಾಬಿಗಳದ್ದು (ಪ್ರವಾದಿಯವರ ಸಂಗಾತಿಗಳದ್ದು) ಅನ್ನುವ ಇನ್ನೂ ಕೆಲವು ಗೋರಿಗಳನ್ನು ತೋರಿಸುತ್ತಾರೆ, ಎಲ್ಲದಕ್ಕೂ ಚರಿತ್ರೆಯ ಆಧಾರ ಗಟ್ಟಿ ಇಲ್ಲ. ಗೋಡೆಯ ಪಕ್ಕದ ಏರುದಾರಿ ಹಿಡಿದು ಎದಿರ್ನೆಕಪಿವರೆಗೆ ಬೆಳಕಿರುವಾಗಲೇ ನಡೆದು ಮುಗಿಸಿ. ಅಲ್ಲಿಂದ ಊರೊಳಗೆ ಬಸ್ಸು ಸುಲಭವಾಗಿ ಸಿಗುತ್ತದೆ.