ಮುಖ ತಿರುಗಿಸಬೇಡ ಅಂತ ಕೂಗಿದ್ದು ನಾನೇ

ಹೋದ ವಾರ ಸ್ಟಾಕ್ ವೆರಿಫಿಕೇಶನ್ ಇತ್ತು. ಸ್ಟೋರ್ ರೂಮಿನಲ್ಲಿ ಹರ್ಡಲ್ಸ್ ಸರಿಸಿ, ಹರಿದ ವಾಲಿಬಾಲ್ ನೆಟ್ ಎತ್ತಿದರೆ ಅಡಿಯಲ್ಲಿ ಆರು ದೋಸೆ ಗ್ಲೌಸ್. ಸ್ಟೋರ್ ನೋಡಿಕೊಳ್ಳುವವರು ರಿಜಿಸ್ಟರ್ ಬಿಡಿಸಿ, "ಇವನ್ನ ರೈಟ್ ಆಫ್ ಮಾಡಿಬಿಡೋಣ್ವಾ ಸರ್?" ಅಂದರು. ಒಂದನ್ನು ಕೈಗೆ ಹಾಕಿಕೊಂಡು ಹಾಗೇ ನಿಂತುಬಿಟ್ಟೆ. ಎರಡು ವರ್ಷದ ಹಿಂದಿನ ಒಂದು ಸಂಜೆ ಪೂರ್ತಿಯಾಗಿ ಕಣ್ಣ ಮುಂದೆ ಬಂತು. ಅದನ್ನು ಇವತ್ತು ಬರೆದುಬಿಡುತ್ತೇನೆ. ಶಾಲೆಗಳಲ್ಲಿ ಸಾಫ್ಟ್‌ಬಾಲ್ (ಬೇಸ್‌ಬಾಲಿನ ತಂಗಿಯಂಥ ಆಟ) ಕಲಿಸುವ ಯಾರಾದರೂ ಓದಿದರೆ ಅಷ್ಟು ಸಾಕು.

ದೋಸೆ ಅಂತ ಹೆಸರಿಟ್ಟಿದ್ದು ನಮ್ಮ ಹುಡುಗಿಯರು. ಅಮೆರಿಕದವರು ಪ್ಯಾನ್‌ಕೇಕ್ ಅಂತಾರೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಚಪ್ಪಟೆ ಫೋಮ್, ಹಿಂದೆ ಬೆರಳು ತೂರಿಸಲು ಎರಡು ಪಟ್ಟಿ, ಅಷ್ಟೇ. ಬಾಲ್ ಕೂರುವ ಗುಳಿ (ಪಾಕೆಟ್) ಇಲ್ಲ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಬಲೆ (ವೆಬ್) ಇಲ್ಲ, ಮಡಚಿ ಹಿಡಿಯೋಕೂ ಆಗಲ್ಲ. ಮಾಮೂಲಿ ಸಾಫ್ಟ್‌ಬಾಲ್ ಗ್ಲೌಸ್ 12ರಿಂದ 13 ಇಂಚು ಇರುತ್ತದೆ. ಕೈ ಒಂದಿಷ್ಟು ಆಚೀಚೆ ಹೋದರೂ ವೆಬ್ಬಿನ ತುದಿಯಲ್ಲಿ ಬಾಲ್ ಸಿಕ್ಕಿಕೊಂಡು ಮರ್ಯಾದೆ ಉಳಿಯುತ್ತದೆ. ದೋಸೆಯಲ್ಲಿ ಆ ಸೌಲಭ್ಯ ಇಲ್ಲ. ಬಾಲ್ ಬರುವ ದಾರಿಗೆ ಸರಿಯಾಗಿ ಕೈ ಇಡಬೇಕು, ಬಂದು ತಾಗುವ ಹೊತ್ತಿಗೆ ಕೈಯನ್ನು ಮೆತ್ತಗೆ ಹಿಂದಕ್ಕೆ ಬಿಟ್ಟುಕೊಡಬೇಕು, ಇನ್ನೊಂದು ಕೈ ಮೇಲಿಂದ ಬಂದು ಮುಚ್ಚಬೇಕು. ಮೂರರಲ್ಲಿ ಒಂದು ತಪ್ಪಿದರೂ ಬಾಲ್ ಕೆಳಗೆ. ಎರಡನೇ ಕೈ ಮೊದಲೇ ಅಲ್ಲಿರುವುದರಿಂದ ಟ್ರಾನ್ಸ್‌ಫರ್, ಅಂದರೆ ಗ್ಲೌಸಿನಿಂದ ಥ್ರೋ ಮಾಡುವ ಕೈಗೆ ಬಾಲ್ ದಾಟಿಸುವುದು, ತಾನಾಗಿ ಚುರುಕಾಗುತ್ತದೆ.

ನನಗೆ ಇದು ಬೇಕಾಗಿದ್ದಕ್ಕೆ ಕಾರಣ ಇತ್ತು. ನಮ್ಮ ಮಕ್ಕಳೆಲ್ಲ ಬೀದಿ ಕ್ರಿಕೆಟ್ ಆಡಿ ಬೆಳೆದವರು. ಬರಿಗೈಯಲ್ಲಿ ಕ್ಯಾಚ್ ಹಿಡಿಯುವವರಿಗೆ ಕೈ ಬಿಟ್ಟುಕೊಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ, ಬಿಟ್ಟುಕೊಡದಿದ್ದರೆ ಅಂಗೈ ಉರಿಯುತ್ತದೆ. ಅಂಥ ಕೈಗೆ ದೊಡ್ಡ ಗ್ಲೌಸ್ ತೊಡಿಸಿ ನೋಡಿ. ಒಂದೇ ತಿಂಗಳಲ್ಲಿ ಒಂಟಿ ಕೈ ಚಾಚಿ ಬಾಲನ್ನು ಕಿತ್ತುಕೊಳ್ಳಲು ಶುರು ಮಾಡುತ್ತಾರೆ. ಅದಕ್ಕೆ ಸರಿಯಾಗಿ ನಮ್ಮ ಮ್ಯಾನೇಜ್‌ಮೆಂಟ್ ಕೊಡಿಸಿದ ಗ್ಲೌಸ್ ಎಂಥವು? ಮೂರು ಕೊಟೇಶನ್ ತರಿಸಿ, ಎಲ್ಲಕ್ಕಿಂತ ಕಡಿಮೆಯದನ್ನು ಆರಿಸಿ, ಹದಿನೈದೂ ಒಂದೇ ಸೈಜು, ಹದಿನೈದೂ ಎಡಗೈಗೆ ಹಾಕುವಂಥವು. ಎಡಗೈಯಲ್ಲಿ ಥ್ರೋ ಮಾಡುವ ಇಬ್ಬರು ಮಕ್ಕಳು ಆ ಗ್ಲೌಸನ್ನೇ ತಿರುಗಿಸಿ ಹಾಕಿಕೊಂಡು ಒಂದು ವರ್ಷ ಆಡಿದರು. ರೆಕ್ಸಿನ್ ಎಷ್ಟು ಗಡುಸು ಅಂದರೆ ಎಂಟನೇ ಕ್ಲಾಸಿನ ಮಗುವಿಗೆ ಅದನ್ನು ಮುಚ್ಚಲೂ ಆಗುತ್ತಿರಲಿಲ್ಲ.

ಆಗ ನೋಡಿದ್ದು ರಾನ್ ವಾಷಿಂಗ್ಟನ್ ಡ್ರಿಲ್ ವಿಡಿಯೋ. ಅಮೆರಿಕದ ಬೇಸ್‌ಬಾಲ್ ಮೇಜರ್ ಲೀಗ್‌ನಲ್ಲಿ ಇನ್‌ಫೀಲ್ಡ್, ಅಂದರೆ ಬೇಸ್‌ಗಳ ಹತ್ತಿರದ ಫೀಲ್ಡಿಂಗ್, ಕಲಿಸುವುದರಲ್ಲಿ ಅವರ ಹೆಸರು ದೊಡ್ಡದು. ಓಕ್‌ಲ್ಯಾಂಡ್ ತಂಡದಲ್ಲಿದ್ದಾಗ ಥರ್ಡ್ ಬೇಸ್‌ಮನ್ ಎರಿಕ್ ಚಾವೆಜ್ ತಾನು ಗೆದ್ದ 2004ರ ಗೋಲ್ಡ್ ಗ್ಲೌವ್ (ಒಳ್ಳೆಯ ಫೀಲ್ಡರ್‌ಗೆ ಕೊಡುವ) ಪ್ರಶಸ್ತಿಯನ್ನೇ ಅವರ ಕೈಗೆ ಕೊಟ್ಟುಬಿಟ್ಟಿದ್ದರು. ಆಮೇಲೆ ಅಟ್ಲಾಂಟಾದಲ್ಲಿ ಓಝಿ ಆಲ್ಬೀಸ್, ಡ್ಯಾನ್ಸ್‌ಬಿ ಸ್ವಾನ್ಸನ್ ಅಂಥವರನ್ನು ತಿದ್ದಿದವರೂ ಅವರೇ. ಕೋಟಿಗಟ್ಟಲೆ ಸಂಬಳದ ಆಟಗಾರರು ಪುಟ್ಟ ಗ್ಲೌಸ್ ಹಾಕಿಕೊಂಡು ಅವರ ಮುಂದೆ ಮೊಣಕಾಲೂರಿ ಕೂತು ಶಾರ್ಟ್ ಹಾಪ್, ಅಂದರೆ ಮುಂದೆಯೇ ಪುಟ ಏಳುವ ಬಾಲ್, ಹಿಡಿಯುವುದನ್ನು ಕಂಡು ನಾನು ಕರಗಿಹೋದೆ. ಇದನ್ನು ನಮ್ಮ ಮಕ್ಕಳಿಗೆ ಮಾಡಿಸಲೇಬೇಕು ಅಂತ ಆ ರಾತ್ರಿಯೇ ಇಂಡೆಂಟ್ ಬರೆದೆ.

"ಗ್ಲೌಸ್ ಇದೆಯಲ್ಲ, ಮತ್ತೆ ಗ್ಲೌಸ್ ಯಾಕೆ?" ಅನ್ನುವ ಷರಾ ಹೊತ್ತು ಇಂಡೆಂಟ್ ವಾಪಸ್ ಬಂತು. ಫೇಸ್ ಮಾಸ್ಕ್ ಕೇಳಿದ್ದ ಸಾಲಿನ ಮೇಲೆ ಕೆಂಪು ಗೀಟು. ಕೊನೆಗೆ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ, ಸೋಲ್ ಮಾಡುವ ಇವಿಎ ಶೀಟನ್ನು ಎರಡು ಪದರ ಅಂಟಿಸಿ, ಎಲಾಸ್ಟಿಕ್ ಹೊಲಿಸಿ ಆರು ದೋಸೆ ಮಾಡಿಸಿದೆ. ಸಂಬಳದ ದುಡ್ಡು. ಅದರ ಬಗ್ಗೆ ಇವತ್ತಿಗೂ ಬೇಸರ ಇಲ್ಲ.

ಮೊದಲ ತಿಂಗಳು ಎಷ್ಟು ಚೆನ್ನಾಗಿತ್ತು ಅಂದರೆ ಅದನ್ನು ಹೇಳದಿದ್ದರೆ ಆ ಗ್ಲೌಸಿಗೆ ಅನ್ಯಾಯವಾಗುತ್ತದೆ. ಬ್ಯಾಸ್ಕೆಟ್‌ಬಾಲ್ ಕೋರ್ಟಿನ ನೆರಳಿನ ಕಡೆ, ಇಬ್ಬಿಬ್ಬರು ಎದುರುಬದುರು ಮೊಣಕಾಲೂರಿ, ನಡುವೆ ಹತ್ತಡಿ, ಟೆನ್ನಿಸ್ ಬಾಲ್. ದಿನಕ್ಕೆ ಹತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಮೊದಲ ದಿನ ಕೋರ್ಟ್ ತುಂಬ ಬಾಲ್ ಚೆಲ್ಲಾಡಿತು. ಮೂರನೇ ವಾರದ ಹೊತ್ತಿಗೆ ಸದ್ದೇ ಬದಲಾಯಿತು. ಫೋಮಿಗೆ ಬಾಲ್ ಬಡಿದು ಚಟ್ ಅನ್ನುತ್ತಿದ್ದದ್ದು ನಿಂತು, ಬೆಣ್ಣೆ ಮೇಲೆ ಬೆರಳಿಟ್ಟ ಹಾಗೆ ಸದ್ದಿಲ್ಲದೆ ಕೂರತೊಡಗಿತು. ದೊಡ್ಡ ಗ್ಲೌಸ್ ಹಾಕಿದಾಗಲೂ ಎರಡನೇ ಕೈ ತಾನಾಗಿ ಬರತೊಡಗಿತು. ನಮ್ಮ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ) ಹುಡುಗಿ ಬಾಲನ್ನು ಹೊಟ್ಟೆ ಕಡೆಗೆ ಎಳೆದುಕೊಂಡು ಅದೇ ಓಘದಲ್ಲಿ ಫಸ್ಟ್ ಬೇಸ್‌ಗೆ ಥ್ರೋ ಮಾಡಿದ ಮೊದಲ ಸಲ ನಾನು ಶಿಳ್ಳೆ ಹೊಡೆಯುವುದನ್ನೂ ಮರೆತು ನೋಡುತ್ತಿದ್ದೆ.

ಆಮೇಲೆ ಜಿಲ್ಲಾ ಮಟ್ಟಕ್ಕೆ 15 ದಿನ ಉಳಿಯಿತು, ನನಗೆ ಅವಸರ ಹತ್ತಿತು.

ಸೆಕೆಂಡ್ ಬೇಸಿನಲ್ಲಿ ಒಬ್ಬ ಹುಡುಗಿ ಇದ್ದಳು, ಎಂಟನೇ ಕ್ಲಾಸು. ಕೈ ಬಲ ಚೆನ್ನಾಗಿತ್ತು, ಓಟ ಇನ್ನೂ ಚೆನ್ನಾಗಿತ್ತು. ಒಂದೇ ತೊಂದರೆ, ಗ್ರೌಂಡರ್, ಅಂದರೆ ನೆಲದ ಮೇಲೆ ಬರುವ ಬಾಲ್, ಕೊನೆಯ ಪುಟ ಏಳುವ ಹೊತ್ತಿಗೆ ಮುಖ ಆಚೆ ತಿರುಗಿಬಿಡುತ್ತಿತ್ತು. ಗ್ಲೌಸ್ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ದೊಡ್ಡ ಗ್ಲೌಸ್ ಇರುವುದರಿಂದ ಅರ್ಧ ಸಲ ಹೇಗೋ ಸಿಕ್ಕುತ್ತಿತ್ತು. ನಾನು ಅದನ್ನು ನೋಡಿ ತೀರ್ಮಾನ ಮಾಡಿದೆ: ದೊಡ್ಡ ಗ್ಲೌಸ್ ಇವಳನ್ನು ಸೋಮಾರಿ ಮಾಡಿದೆ, ದೋಸೆ ಕೊಟ್ಟರೆ ಬಾಲ್ ನೋಡದೆ ಬೇರೆ ದಾರಿಯೇ ಇರುವುದಿಲ್ಲ, ತಾನೇ ಸರಿಹೋಗುತ್ತಾಳೆ.

ಅವಳದು ಸೋಮಾರಿತನ ಆಗಿರಲಿಲ್ಲ, ಹೆದರಿಕೆ. ಹದಿನೆಂಟು ವರ್ಷದಿಂದ ಮೈದಾನದಲ್ಲಿರುವ ನನಗೆ ಆ ವ್ಯತ್ಯಾಸ ಕಾಣಲಿಲ್ಲ. ಬಾಲ್ ಮುಟ್ಟುವ ಮುಂಚೆ ಅವಳ ಭುಜ ಬಿಗಿಯಾಗುತ್ತಿತ್ತು, ಉಸಿರು ನಿಲ್ಲುತ್ತಿತ್ತು. ಅದನ್ನು ಈಗ ನೆನೆಸಿಕೊಂಡರೆ ಸ್ಪಷ್ಟವಾಗಿ ಕಾಣುತ್ತದೆ. ಆಗ ನಾನು ನೋಡುತ್ತಿದ್ದದ್ದು ಕೈಯನ್ನು ಮಾತ್ರ.

ಅವಳು ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಚಿಕಾಗೋದಲ್ಲಿ 1887ರಲ್ಲಿ ಈ ಆಟ ಹುಟ್ಟಿದಾಗ ಬಾಕ್ಸಿಂಗ್ ಗ್ಲೌಸನ್ನು ಉಂಡೆ ಕಟ್ಟಿ ಆಡಿದ್ದರಂತೆ. ಈಗಿನ 12 ಇಂಚು ಸುತ್ತಳತೆಯ ಬಾಲ್ ಮೆತ್ತಗಿಲ್ಲ. 178ರಿಂದ 198 ಗ್ರಾಂ ತೂಗುತ್ತದೆ. ಹೆಂಗಸರ ಕ್ರಿಕೆಟ್ ಬಾಲ್ 151 ಗ್ರಾಂ ದಾಟುವಂತಿಲ್ಲ. ಬೇಸ್‌ನಿಂದ ಬೇಸ್‌ಗೆ 60 ಅಡಿ, ಅಂದರೆ ಕ್ರಿಕೆಟ್ ಪಿಚ್ಚಿಗಿಂತಲೂ ಆರಡಿ ಕಡಿಮೆ. ಅಷ್ಟು ಹತ್ತಿರದಲ್ಲಿ ಅಷ್ಟು ತೂಕದ್ದು ನೆಲಕ್ಕೆ ಬಡಿದು ಮುಖದ ಕಡೆ ಏಳುವಾಗ ಹದಿಮೂರು ವರ್ಷದ ಮಗು ಕಣ್ಣು ಮುಚ್ಚಿದರೆ ಅದರ ದೇಹ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಅಂತಲೇ ಅರ್ಥ.

ಆ ಮಂಗಳವಾರ ನಾನು ಮೂರು ಬದಲಾವಣೆ ಒಟ್ಟಿಗೆ ಮಾಡಿದೆ. ಕೋರ್ಟ್ ಬಿಟ್ಟು ಮೈದಾನಕ್ಕೆ ಕರೆದೊಯ್ದೆ. ಟೆನ್ನಿಸ್ ಬಾಲ್ ಬಿಟ್ಟು ಮ್ಯಾಚ್ ಬಾಲ್ ತೆಗೆದೆ. ಕೈಯಿಂದ ಉರುಳಿಸುವುದು ಬಿಟ್ಟು ಫಂಗೋ, ಅಂದರೆ ಫೀಲ್ಡಿಂಗ್ ಅಭ್ಯಾಸಕ್ಕೆ ಕೋಚ್ ಬಾಲ್ ಹೊಡೆಯುವ ಬ್ಯಾಟ್, ಹಿಡಿದೆ. ಗ್ಲೌಸ್ ಮಾತ್ರ ಅದೇ ದೋಸೆ. ನಮ್ಮ ಮೈದಾನ ಕೆಂಪು ಮೊರಂ. ಮಳೆ ಬಿದ್ದು ಮೇಲಿನ ಮಣ್ಣು ಕೊಚ್ಚಿಹೋಗಿ ಕಲ್ಲು ಹಲ್ಲು ಬಿಟ್ಟುಕೊಂಡು ನಿಂತಿರುತ್ತದೆ. ರೋಲರ್ ಹೊಡೆಸಿ ಅಂತ ನಾನು ಜೂನ್‌ನಲ್ಲೇ ಬರೆದುಕೊಟ್ಟಿದ್ದೆ.

ಮೊದಲ ಬಾಲ್ ಮೆತ್ತಗೆ ಹೊಡೆದೆ. ಮುಖ ತಿರುಗಿತು, ಬಾಲ್ ಕಾಲ ಸಂದಿಯಲ್ಲಿ ಹೋಯಿತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ನನ್ನ ತಾಳ್ಮೆ ಹೋಯಿತು. "ಮುಖ ತಿರುಗಿಸ್ಬೇಡ! ಬಾಲ್ ನೋಡು! ಏನೂ ಆಗಲ್ಲ!" ಅಂತ ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದೆ. ಬೇರೆ ಹುಡುಗಿಯರೆಲ್ಲ ನಿಂತು ನೋಡಿದರು. ಅವಳು ತಲೆ ಆಡಿಸಿದಳು. ನಾಲ್ಕನೆಯದನ್ನು ನಾನು ಸ್ವಲ್ಪ ಜೋರಾಗಿಯೇ ಹೊಡೆದೆ.

ಅವಳು ಮುಖ ತಿರುಗಿಸಲಿಲ್ಲ.

ಅಷ್ಟು ದಿನದಲ್ಲಿ ಅದೇ ಮೊದಲ ಸಲ. ಕಣ್ಣು ಬಾಲಿನ ಮೇಲೇ ಇತ್ತು, ಮುಖ ನೇರ ಇತ್ತು, ಕೈ ಕೂಡ ಸರಿಯಾದ ಜಾಗಕ್ಕೆ ಇಳಿದಿತ್ತು. ಬಾಲ್ ಅವಳ ಮುಂದೆ ಎರಡಡಿ ದೂರದಲ್ಲಿ ಕಲ್ಲಿಗೆ ತಾಗಿ ಎದ್ದು, ದೋಸೆಯ ಹೀಲಿಗೆ, ಅಂದರೆ ಮಣಿಕಟ್ಟಿನ ಕಡೆಯ ಅಂಚಿಗೆ, ಬಡಿಯಿತು. ಮಾಮೂಲಿ ಗ್ಲೌಸ್ ಆಗಿದ್ದರೆ ಹೀಲಿನ ದಪ್ಪ ಚರ್ಮ ಅದರ ಅರ್ಧ ವೇಗ ನುಂಗಿ ಎದುರಿಗೇ ಬೀಳಿಸುತ್ತಿತ್ತು. ಚಪ್ಪಟೆ ಫೋಮ್ ಸ್ವಲ್ಪ ಮೇಲ್ಮುಖವಾಗಿತ್ತು, ಇಳಿಜಾರು ಹಲಗೆಯ ಹಾಗೆ. ಬಾಲ್ ಅದರ ಮೇಲೆ ಜಾರಿ ನೇರ ಬಾಯಿಗೆ ಹೋಯಿತು.

ಆ ಸದ್ದು ಬರೆಯಲು ಬರುವುದಿಲ್ಲ. ಅವಳು ಕೂಗಲಿಲ್ಲ. ಎರಡೂ ಕೈ ಬಾಯಿಗೆ ಒತ್ತಿಕೊಂಡು ಕುಕ್ಕರಿಸಿದಳು. ದೋಸೆ ಇನ್ನೂ ಎಡಗೈಯಲ್ಲೇ ಇತ್ತು, ಅದರ ಮೇಲೆ ರಕ್ತ ಇಳಿಯುತ್ತಿತ್ತು. ನಾನು ಓಡಿದೆ. ಕೈ ತೆಗೆಸಿ ನೋಡಿದರೆ ಮೇಲ್ದುಟಿ ಸೀಳಿತ್ತು, ಮುಂದಿನ ಒಂದು ಹಲ್ಲು ಒಳಕ್ಕೆ ವಾಲಿತ್ತು. ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರು ಮುಟ್ಟದೆ ಹಿಡಿದು ಹಾಲಿನಲ್ಲಿ ಹಾಕಿಕೊಂಡು ಬೇಗ ಡೆಂಟಿಸ್ಟ್ ಹತ್ತಿರ ಓಡಬೇಕು ಅಂತ ಫಸ್ಟ್ ಏಡ್ ತರಬೇತಿಯಲ್ಲಿ ಹೇಳಿದ್ದು ತಲೆಯಲ್ಲಿತ್ತು. ಹಾಸ್ಟೆಲ್ ಅಡುಗೆಮನೆಗೆ ಒಬ್ಬಳನ್ನು ಹಾಲಿಗೂ ಐಸಿಗೂ ಓಡಿಸಿದೆ. ಹಲ್ಲು ಕಿತ್ತು ಬರಲಿಲ್ಲ. ವ್ಯಾನ್ ಇತ್ತು, ಡ್ರೈವರ್ ಇರಲಿಲ್ಲ. ಟ್ರಿಪ್ ಶೀಟಿಗೆ ಸಹಿ ಇಲ್ಲದೆ ಕೀ ಕೊಡುವುದಿಲ್ಲ ಅಂದರು ಆಫೀಸಿನವರು. ಒಂಬತ್ತು ನಿಮಿಷ ಕಾದೆ. ಆಮೇಲೆ ನನ್ನ ಬೈಕಿನಲ್ಲಿ, ಹಿಂದೆ ಲೇಡಿ ವಾರ್ಡನ್ ಅವಳನ್ನು ತಬ್ಬಿಕೊಂಡು, ಮೂವರು ಹೋದೆವು. ದಾರಿಯಲ್ಲಿ ಅವಳು ಟವಲ್ ಒಳಗಿಂದ ಹೇಳಿದ್ದು ಒಂದೇ ಮಾತು. "ನೋಡ್ದೆ ಸರ್. ನಾನು ಬಾಲ್ ನೋಡ್ದೆ."

ಡೆಂಟಿಸ್ಟ್ ಹಲ್ಲನ್ನು ಸರಿ ಕೂರಿಸಿ, ಪಕ್ಕದ ಹಲ್ಲುಗಳಿಗೆ ತೆಳು ತಂತಿ ಕಟ್ಟಿದರು. ತುಟಿಗೆ ಮೂರು ಹೊಲಿಗೆ. ರಾತ್ರಿ ಒಂಬತ್ತಕ್ಕೆ ಅವಳ ಅಪ್ಪ ಬಂದರು. ಬಸ್ ಕಂಡಕ್ಟರ್, ಡ್ಯೂಟಿ ಬಟ್ಟೆಯಲ್ಲೇ ಇದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. ಮಗಳ ಮುಖ ನೋಡಿ, ನನ್ನ ಕಡೆ ತಿರುಗಿ, "ಮುಂಚೆಯಿಂದ್ಲೂ ಬಾಲ್ ಅಂದ್ರೆ ಹೆದರ್ತಾಳೆ ಸರ್. ಚಿಕ್ಕವಳಿದ್ದಾಗ ಅಣ್ಣ ಹೊಡೆದ ಬಾಲ್ ಕಣ್ಣಿಗೆ ಬಿದ್ದಿತ್ತು. ನಿಮ್ಮ ಹತ್ರ ಸೇರಿದ್ಮೇಲೆ ಹೋಯ್ತೇನೋ ಅಂದ್ಕೊಂಡಿದ್ದೆ" ಅಂದರು. ಐದು ತಿಂಗಳು ನನ್ನ ಕೈಕೆಳಗೆ ಆಡಿದ ಹುಡುಗಿ. ಒಂದು ಸಲವೂ ನಾನು ಯಾಕೆ ಮುಖ ತಿರುಗಿಸ್ತೀಯ ಅಂತ ಕೇಳಿರಲಿಲ್ಲ. ತಿರುಗಿಸಬೇಡ ಅಂತ ಮಾತ್ರ ಹೇಳಿದ್ದೆ.

ಮರುದಿನ ಇನ್ಸಿಡೆಂಟ್ ಫಾರ್ಮ್ ತುಂಬಿದೆ. ಕಾರಣ ಅನ್ನುವ ಕಾಲಮ್ಮಿನಲ್ಲಿ "ಮೈದಾನದಲ್ಲಿ ಕಲ್ಲು" ಅಂತ ಬರೆದೆ. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಅಂತ ಬರೆಯುವಾಗಲೇ ಗೊತ್ತಿತ್ತು. ಎರಡು ದಿನ ನಿದ್ದೆ ಬರಲಿಲ್ಲ. ಮೂರನೇ ದಿನ ಇನ್ನೊಂದು ಪತ್ರ ಕೊಟ್ಟೆ: ಹತ್ತಿರದಿಂದ, ಮೆತ್ತನೆ ಬಾಲಿನಲ್ಲಿ, ಸಮ ನೆಲದಲ್ಲಿ ಮಾತ್ರ ಬಳಸಬೇಕಾದ ಗ್ಲೌಸನ್ನು ನಾನು ಗಟ್ಟಿ ಬಾಲಿಗೆ, ಹೆದರಿದ ಮಗುವಿಗೆ ಬಳಸಿದೆ. ಮ್ಯಾನೇಜ್‌ಮೆಂಟಿನಿಂದ ಸರ್ಕ್ಯುಲರ್ ಬಂತು. ದೋಸೆ ಗ್ಲೌಸ್ ನಿಷೇಧ. ರೋಲರ್ ವಿಷಯ ಅದರಲ್ಲಿ ಇರಲಿಲ್ಲ, ಫೇಸ್ ಮಾಸ್ಕ್ ವಿಷಯವೂ ಇರಲಿಲ್ಲ. ಅಮೆರಿಕದ ಶಾಲಾ ಸಾಫ್ಟ್‌ಬಾಲಿನಲ್ಲಿ ಇನ್‌ಫೀಲ್ಡರ್‌ಗಳು ಮುಖಕ್ಕೆ ಮಾಸ್ಕ್ ಹಾಕಿ ನಿಲ್ಲುವುದು ಸಾಮಾನ್ಯ ನೋಟ. ಇಲ್ಲಿ ನಾಲ್ಕು ಮಾಸ್ಕ್ ಬರಲು ಒಂದೂವರೆ ವರ್ಷ ಹಿಡಿಯಿತು, ಅದೂ ಪೇರೆಂಟ್ಸ್ ಮೀಟಿಂಗಿನಲ್ಲಿ ಆ ಕಂಡಕ್ಟರೇ ಎದ್ದು ನಿಂತು ಕೇಳಿದ ಮೇಲೆ.

ರಾನ್ ವಾಷಿಂಗ್ಟನ್ ವಿಡಿಯೋವನ್ನು ಆಮೇಲೆ ಎಷ್ಟೋ ಸಲ ನೋಡಿದೆ. ಮೊದಲ ಸಲ ನಾನು ಗ್ಲೌಸ್ ನೋಡಿದ್ದೆ. ನೋಡಬೇಕಾಗಿದ್ದದ್ದು ಬೇರೆ ಇತ್ತು. ನೆಲ ಜರಡಿ ಹಿಡಿದ ಹಾಗೆ ನುಣುಪು. ಹೊಡೆಯುವವರು ಕೆಲವೇ ಅಡಿ ದೂರದಲ್ಲಿ, ಪ್ರತಿ ಬಾಲನ್ನೂ ಬೇಕಾದ ಜಾಗಕ್ಕೇ ಇಳಿಸುತ್ತಾರೆ. ಕೂತವರು ಜೀವನದಲ್ಲಿ ಲಕ್ಷ ಗ್ರೌಂಡರ್ ಹಿಡಿದವರು, ಅವರಿಗೆ ತಿದ್ದಬೇಕಾಗಿರುವುದು ಕೈ ಮಾತ್ರ.

ಆ ಹುಡುಗಿ ಸಾಫ್ಟ್‌ಬಾಲಿಗೆ ವಾಪಸ್ ಬರಲಿಲ್ಲ. ಖೋ-ಖೋ ಸೇರಿದಳು, ಚೆನ್ನಾಗಿ ಆಡುತ್ತಾಳೆ. ಕಾರಿಡಾರಿನಲ್ಲಿ ಸಿಕ್ಕಾಗ ನಗುತ್ತಾಳೆ. ನಕ್ಕಾಗ ಆ ಹಲ್ಲು ಒಂಚೂರು ಬಣ್ಣ ಬೇರೆ ಇರುವುದು ಕಾಣುತ್ತದೆ.

ಸ್ಟೋರಿನವರಿಗೆ ರೈಟ್ ಆಫ್ ಬೇಡ ಅಂದೆ. ದೋಸೆಯಲ್ಲಿ ದೋಷ ಇರಲಿಲ್ಲ. ಪ್ರಿನ್ಸಿಪಾಲರ ಹತ್ತಿರ ಕೂತು ಮಾತಾಡಿ, ಕೋರ್ಟಿನಲ್ಲಿ, ಟೆನ್ನಿಸ್ ಬಾಲಿಗೆ ಮಾತ್ರ ಅಂತ ಬರೆಸಿಕೊಂಡು ಅನುಮತಿ ತಗೊಂಡೆ. ಹೀಲ್ ಹತ್ತಿರ ಕಂದು ಕಲೆ ಇರುವ ಒಂದನ್ನು ಮಾತ್ರ ನನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ.

ಈ ವರ್ಷ ಏಳನೇ ಕ್ಲಾಸಿನಿಂದ ಒಬ್ಬಳು ಹೊಸಬಳು ಬಂದಿದ್ದಾಳೆ. ಅವಳೂ ಬಾಲ್ ಪುಟ ಏಳುವಾಗ ಮುಖ ತಿರುಗಿಸುತ್ತಾಳೆ. ಅವಳಿಗೆ ಇರುವುದರಲ್ಲೇ ದೊಡ್ಡ ಗ್ಲೌಸ್ ಕೊಟ್ಟಿದ್ದೇನೆ, ಮಾಸ್ಕ್ ಹಾಕಿಸಿದ್ದೇನೆ, ಸ್ಪಂಜ್ ಬಾಲ್ ತಂದಿದ್ದೇನೆ. ಮೊದಲ ದಿನವೇ ಪಕ್ಕ ಕೂರಿಸಿಕೊಂಡು ಹಿಂದೆ ಎಲ್ಲಾದರೂ ಪೆಟ್ಟು ಬಿದ್ದಿತ್ತಾ ಅಂತ ಕೇಳಿದೆ. ಇಲ್ಲ ಸರ್, ಸುಮ್ನೆ ಭಯ ಅಂದಳು. ನಿನ್ನೆ ಐದಡಿ ದೂರದಲ್ಲಿ ಕೂತು ಕೈಯಿಂದ ಉರುಳಿಸಿದೆ. ಇಪ್ಪತ್ತರಲ್ಲಿ ಹದಿನಾಲ್ಕಕ್ಕೆ ಮುಖ ತಿರುಗಿತು. ನಾನು ಏನೂ ಹೇಳಲಿಲ್ಲ. ಇನ್ನೊಂದು ಬಾಲ್ ಉರುಳಿಸಿದೆ.