ಎಂಟು ಬೈಟ್‌ಗಳ ಜಾಡು: ಮನೆಯ ವಿಪಿಎನ್ ದುರಸ್ತಿಯ ದಿನಚರಿ

ಜೂನ್ 21

ಅಜ್ಜನ ಅಡಿಕೆ ವ್ಯವಹಾರದ ಲೆಕ್ಕದ ಪುಸ್ತಕಗಳನ್ನು ಅಕ್ಕ ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡುತ್ತಾಳೆ. ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಕುಳಿತು ನಾನು ಅವನ್ನು ಓದಿ ಟೈಪ್ ಮಾಡುತ್ತೇನೆ. ನಡುವೆ ಇರುವುದು ಮುಂಬೈಯಲ್ಲಿ ಬಾಡಿಗೆಗೆ ಪಡೆದ ಒಂದು ಸರ್ವರ್. ಊರಿನ ಯಾವ ಮನೆಯವರು ಎಷ್ಟು ಸಾಲ ಪಡೆದಿದ್ದರೆಂಬುದೆಲ್ಲ ಆ ಪುಸ್ತಕಗಳಲ್ಲಿದೆ. ಹಾಗಾಗಿ ಸರ್ವರಿನ ಬಾಗಿಲು ವಿಪಿಎನ್ (ಇಂಟರ್‌ನೆಟ್ ಒಳಗಿನ ಗೂಢಲಿಪಿಯ ಖಾಸಗಿ ಸುರಂಗ) ಮೂಲಕ ಬಂದವರಿಗೆ ಮಾತ್ರ ತೆರೆಯುತ್ತದೆ.

ಒಂದು ಪುಟ ಸುಮಾರು 30 ಎಂಬಿ (ಮೆಗಾಬೈಟ್). ವೇಗ ಅಳೆಯುವ ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್; ಎಂಟು ಬಿಟ್ ಸೇರಿ ಒಂದು ಬೈಟ್. ಮನೆಯ ಫೈಬರ್ ಸಂಪರ್ಕ 100 ಎಂಬಿಪಿಎಸ್‌ನದು, ವಿಪಿಎನ್ ಒಳಗೆ ಸಿಗುತ್ತಿರುವುದು 11. ಪುಟವೊಂದಕ್ಕೆ ಇಪ್ಪತ್ತೆರಡು ಸೆಕೆಂಡ್ ಕಾಯಬೇಕು. ಅಳಿಸಿಹೋದ ಒಂದು ಅಂಕಿಯನ್ನು ಮುಂದಿನ ಪುಟದ ಮೊತ್ತದೊಂದಿಗೆ ತಾಳೆ ನೋಡುವಷ್ಟರಲ್ಲಿ ಹಿಂದಿನದು ಮರೆತುಹೋಗಿರುತ್ತದೆ.

ಮೊದಲ ಅನುಮಾನ ವೈಫೈ ಮೇಲೆ. ಜಂಬಿಟ್ಟಿಗೆಯ ದಪ್ಪ ಗೋಡೆ ದಾಟುವಾಗ ಸಿಗ್ನಲ್ ಸೊರಗುವುದು ನಿಜ. ಆದರೆ ಲ್ಯಾಪ್‌ಟಾಪನ್ನು ಜಗಲಿಗೆ ತಂದು ರೂಟರಿಗೆ ನೇರವಾಗಿ ಕೇಬಲ್ ಸಿಕ್ಕಿಸಿದೆ: ವಿಪಿಎನ್ ಇಲ್ಲದೆ 92, ವಿಪಿಎನ್ ಹಾಕಿದರೆ 12. ವೈಫೈ ನಿರಪರಾಧಿ.

ಜೂನ್ 22

ವಿಪಿಎನ್ ಕೆಲಸವನ್ನು ನಮ್ಮ ಹಳೆಯ ರೂಟರೇ ಮಾಡುತ್ತಿತ್ತು, ಓಪನ್‌ವಿಪಿಎನ್ ಎಂಬ ತಂತ್ರಾಂಶ ಬಳಸಿ. ಒಂದು ಪುಟ ಇಳಿಯುತ್ತಿದ್ದಾಗ ರೂಟರಿನೊಳಗೆ ಇಣುಕಿದೆ. ಓಪನ್‌ವಿಪಿಎನ್ ಒಂದೇ ಪ್ರೊಸೆಸರಿನ 97 ಶೇಕಡಾ ನುಂಗಿತ್ತು. ಇರುವುದು ಒಂದೇ ಕೋರ್, ಎಇಎಸ್ ಗೂಢಲಿಪಿಗೆಂದು ಪ್ರತ್ಯೇಕ ಯಂತ್ರಾಂಶವೂ ಇಲ್ಲ. ಸಾಲದ್ದಕ್ಕೆ ಪ್ರತಿಯೊಂದು ಪ್ಯಾಕೆಟ್ (ದತ್ತಾಂಶದ ತುಣುಕು) ಕರ್ನಲ್‌ನಿಂದ, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನಿಂದ, ಹೊರಬಂದು, ಗೂಢಲಿಪಿ ಬಿಡಿಸಿಕೊಂಡು, ಮತ್ತೆ ಒಳಗೆ ಹೋಗಬೇಕು. ಇಷ್ಟು ದಿನ ಇಂಟರ್‌ನೆಟ್ ಕಂಪನಿಯನ್ನು ಬೈದದ್ದು ತಪ್ಪಾಯಿತು.

ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಇದೆ. ಅದರ ಚಿಪ್‌ನಲ್ಲೂ ಎಇಎಸ್ ಸೌಲಭ್ಯವಿಲ್ಲ. ಆದರೆ ವೈರ್‌ಗಾರ್ಡ್ ಎಂಬ ಇನ್ನೊಂದು ವಿಪಿಎನ್ ತಂತ್ರಾಂಶ ಬಳಸುವುದು ಚಾಚಾ20 ಎಂಬ ಬೇರೆ ಗೂಢಲಿಪಿ; ಅದಕ್ಕೆ ವಿಶೇಷ ಯಂತ್ರಾಂಶ ಬೇಡ. ಮೇಲಾಗಿ 2020ರಲ್ಲಿ ಬಂದ ಲಿನಕ್ಸ್ 5.6ರಿಂದ ವೈರ್‌ಗಾರ್ಡ್ ಕರ್ನಲ್ ಒಳಗೇ ಇದೆ. ಅದಕ್ಕೇ ಬದಲಾಯಿಸುತ್ತೇನೆ.

ಜೂನ್ 25

ಗಾಳಿಮಳೆಗೆ ಹಲಸಿನ ಕೊಂಬೆ ಮುರಿದು ಕೇಬಲ್ ಮೇಲೆ ಬಿತ್ತು. ಎರಡು ದಿನ ಸಂಪರ್ಕವಿಲ್ಲ, ಕರೆಂಟೂ ಇಲ್ಲ.

ಜೂನ್ 27

ಸರ್ವರಿನಲ್ಲೂ ಪೈಯಲ್ಲೂ ವೈರ್‌ಗಾರ್ಡ್ ಹಾಕಿ, ಅಕ್ಕನಿಗೆ ಫೋನಿನಲ್ಲಿ ಹೇಳಿಕೊಟ್ಟು ಅವಳ ಲ್ಯಾಪ್‌ಟಾಪಿಗೂ ಹಾಕಿಸಿದೆ. ಪಿಂಗ್‌ಗೆ (ಸಂಪರ್ಕ ಪರೀಕ್ಷಿಸಲು ಕಳಿಸುವ ಪುಟ್ಟ ಪ್ಯಾಕೆಟ್‌ಗೆ) ಉತ್ತರ ಚೆನ್ನಾಗಿ ಬರುತ್ತಿದೆ. ಕಡತಗಳ ಪಟ್ಟಿ ತೆರೆಯುತ್ತದೆ. ಒಂದು ಪುಟದ ಚಿತ್ರ ಒತ್ತಿದರೆ ಮಾತ್ರ ಏನೂ ಬರುವುದಿಲ್ಲ. ಇಲ್ಲಿಂದ ಅಲ್ಲಿಗೆ ಕಳಿಸಿದ್ದು ಹೋಗುತ್ತದೆ, ಅಲ್ಲಿಂದ ದೊಡ್ಡದೇನೂ ಇಳಿಯದು.

"ನನಗೆ ಸರಿಯಾಗಿಯೇ ಬರುತ್ತಿದೆಯಲ್ಲೋ" ಎಂದಳು ಅಕ್ಕ. ರಾತ್ರಿಯೆಲ್ಲ ಈ ಮಾತು ತಲೆಯಲ್ಲಿ ಕೊರೆಯಿತು.

ಜೂನ್ 28

ಚಿಕ್ಕದು ಬರುತ್ತದೆ, ದೊಡ್ಡದು ಬರುವುದಿಲ್ಲ ಎಂದರೆ ಪ್ಯಾಕೆಟ್ಟಿನ ಗಾತ್ರವನ್ನೇ ನೋಡಬೇಕು. ಸುರಂಗದೊಳಗೆ, ತುಂಡಾಗಬಾರದೆಂಬ ಗುರುತು ಹಾಕಿ, ಪಿಂಗ್ ಗಾತ್ರವನ್ನು ಒಂದೊಂದೇ ಬೈಟ್ ಏರಿಸುತ್ತ ಹೋದೆ. 1380ಕ್ಕೆ ಉತ್ತರ ಬಂತು. 1381ಕ್ಕೆ ಇಲ್ಲ. ಹತ್ತು ಸಲ ಮಾಡಿದರೂ ಅದೇ. ಅಷ್ಟು ಚೂಪಾದ ಅಂಚು ಕಂಡಾಗ ಆದ ಸಂತೋಷ ದೊಡ್ಡದು.

ಲೆಕ್ಕ ಹೀಗಿದೆ. ಸಾಮಾನ್ಯ ದಾರಿಯಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಇರಬಹುದು. ನಮ್ಮ ಸಂಪರ್ಕ ಪಿಪಿಪಿಒಇ (ಹೆಸರು, ಗುಪ್ತಪದ ಕೊಟ್ಟು ಕಂಪನಿಯ ಜಾಲ ಸೇರುವ ವಿಧಾನ), ಅದು 8 ಬೈಟ್ ತೆಗೆದುಕೊಂಡು 1492 ಉಳಿಸುತ್ತದೆ. ವೈರ್‌ಗಾರ್ಡ್ ತಾನಾಗಿ ಇಟ್ಟುಕೊಳ್ಳುವ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1420. ಅದರ ಹೊದಿಕೆ ಐಪಿವಿ4 (ಇಂಟರ್‌ನೆಟ್ ವಿಳಾಸದ ಹಳೆಯ ಬಗೆ) ಮೇಲಾದರೆ 60 ಬೈಟ್, ಐಪಿವಿ6 (ಹೊಸ ಬಗೆ) ಮೇಲಾದರೆ 80. ಅಕ್ಕನ ಸಂಪರ್ಕದಲ್ಲಿ ಐಪಿವಿ4 ಮಾತ್ರ ಇದೆ: 1420ಕ್ಕೆ 60 ಸೇರಿದರೆ 1480, ಆರಾಮವಾಗಿ ಹಿಡಿಯುತ್ತದೆ. ನನ್ನದು ಐಪಿವಿ6 ಹಿಡಿದು ಹೋಗುತ್ತಿತ್ತು: 1420ಕ್ಕೆ 80 ಸೇರಿದರೆ 1500. ಎಂಟು ಬೈಟ್ ಹೆಚ್ಚು.

ಐಪಿವಿ6ನಲ್ಲಿ ದಾರಿಯ ನಡುವಿನ ರೂಟರ್ ಪ್ಯಾಕೆಟ್ ತುಂಡು ಮಾಡುವುದಿಲ್ಲ. "ಇದು ದೊಡ್ಡದಾಯಿತು" ಎಂಬ ಸಂದೇಶವನ್ನು, ಆ ಪ್ಯಾಕೆಟ್ ಕಳಿಸಿದವರಿಗೆ ಹಿಂದಿರುಗಿಸುತ್ತದೆ. ಆ ಸಂದೇಶ ಸರ್ವರಿಗೆ ತಲುಪಿದ್ದರೆ ಅದೇ ಸರಿಮಾಡಿಕೊಳ್ಳುತ್ತಿತ್ತು. ಆದರೆ ಸರ್ವರಿನ ಫೈರ್‌ವಾಲ್ (ಒಳಬರುವುದನ್ನು ಸೋಸುವ ತಡೆ) ನಿಯಮ ಬರೆಯುವಾಗ ನಾನು ಆ ಒಂದು ಬಗೆಯ ಸಂದೇಶವನ್ನು ಒಳಗೆ ಬಿಡುವುದನ್ನು ಮರೆತಿದ್ದೆ.

ಒಂದು ಗಂಟು ಉಳಿಯಿತು. ಪಿಂಗಿನ 1380ಕ್ಕೆ ತಲೆಬರಹದ 28 ಸೇರಿದರೆ 1408. ನನ್ನ ಲೆಕ್ಕದ ಪ್ರಕಾರ 1412ರವರೆಗೆ (1492ರಲ್ಲಿ ಹೊದಿಕೆಯ 80 ಕಳೆದರೆ) ಹೋಗಬೇಕಿತ್ತು. ನಾಲ್ಕು ಬೈಟ್ ಎಲ್ಲಿ ಹೋಯಿತು? ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್ಟನ್ನು ಖಾಲಿ ಬೈಟ್ ಸೇರಿಸಿ 16ರ ಗುಣಕಕ್ಕೆ ತುಂಬಿಸುತ್ತದೆ, ಎಂಟಿಯು ಮಾತ್ರ ಮೀರುವುದಿಲ್ಲ. 1408 ಎಂದರೆ 16ರ 88 ಪಟ್ಟು. ಅದಕ್ಕಿಂತ ಒಂದು ಬೈಟ್ ಹೆಚ್ಚಾದರೂ ತುಂಬಿ ತುಂಬಿ 1420ಕ್ಕೆ ಮುಟ್ಟುತ್ತದೆ, ಹೊದಿಕೆ ಸೇರಿ 1500 ಆಗುತ್ತದೆ, ಬಿದ್ದುಹೋಗುತ್ತದೆ. ಎಂಟಿಯುವನ್ನೇ 1412 ಎಂದು ಇಟ್ಟರೆ ತುಂಬುವುದು ಅಲ್ಲಿಗೇ ನಿಲ್ಲುತ್ತದೆ.

ಸರ್ವರಿನಲ್ಲೂ ಪೈಯಲ್ಲೂ 1412 ಇಟ್ಟು, ಫೈರ್‌ವಾಲಿನಲ್ಲಿ ಆ ಸಂದೇಶಕ್ಕೆ ದಾರಿ ಬಿಟ್ಟೆ. ಇಳಿಕೆಯ ವೇಗ 84 ಎಂಬಿಪಿಎಸ್.

ಜೂನ್ 30

ಇಂದು ಬೆಳಿಗ್ಗೆ ನಲವತ್ತು ಪುಟ ಓದಿದೆ. ಪುಟವೊಂದು ಬರಲು ಮೂರು ಸೆಕೆಂಡ್. ಹಸಿ ಅಡಿಕೆಯ ತೂಕದ ಒಂದು ಸಾಲಿನಲ್ಲಿ ಅಜ್ಜ ಹೊಡೆದುಹಾಕಿ ತಿದ್ದಿದ ಅಂಕಿಯನ್ನು ಮುಂದಿನ ಪುಟದ ಮೊತ್ತದ ಜೊತೆ ತಾಳೆ ಹಾಕಿದೆ, ಎರಡೂ ಒಟ್ಟಿಗೇ ತೆರೆದಿದ್ದವು. ಇನ್ನು ಫೈಬರ್ ಪೆಟ್ಟಿಗೆಗೂ ಪೈಗೂ ಒಂದು ಬ್ಯಾಟರಿ ಜೋಡಿಸಬೇಕು. ಮಳೆ ಈಗಷ್ಟೇ ಶುರುವಾಗಿದೆ.